ಅಕ್ಷರಾರ್ಥಕ್ಕೆ ಮೂರು ಸಾಲು

ದೊಡ್ಡಬಳ್ಳಾಪುರ
೧೪ ಜೂನ್ ೨೦೨೪

ಶ್ರೀ ಚೌರಪ್ಪನವರಿಗೆ,

ಯೇಸುವಿಗೆ ಸ್ತೋತ್ರ. ನಿಮ್ಮ ಅರ್ಜಿ ತಲುಪಿದೆ. ಇಪ್ಪತ್ತೆರಡು ವರ್ಷಗಳಿಂದ ಅಂಚೆಯ ಮೂಲಕ ನಾನು ನಡೆಸುತ್ತಿರುವ ಪವಿತ್ರಗ್ರಂಥದ ಪಾಠಮಾಲೆಗೆ ನಿಮ್ಮನ್ನು ಸೇರಿಸಿಕೊಂಡಿದ್ದೇನೆ. ಕುಂದಾಣ ಹೋಬಳಿಯ ಬೋರನಕುಂಟೆಯಿಂದ ಇದುವರೆಗೆ ಯಾರೂ ಸೇರಿರಲಿಲ್ಲ. ಗುರುಗಳು ಬಾರದ ದಿನಗಳಲ್ಲಿ ಊರವರಿಗೆ ಪ್ರಾರ್ಥನೆ ನಡೆಸಿಕೊಡುವ ಉಪದೇಶಿಯಾಗಬೇಕೆಂಬ ನಿಮ್ಮ ಆಸೆ ಪ್ರಶಂಸನೀಯವಾದುದು. ನಿಮ್ಮ ಧರ್ಮಕೇಂದ್ರದ ಸ್ವಾಮಿಗಳು ಪ್ರೌಢಶಾಲೆಯಲ್ಲಿ ನನ್ನಿಂದ ಕನ್ನಡ ಕಲಿತವರು. ನನ್ನ ಪ್ರಮಾಣಪತ್ರವನ್ನು ನೋಡದೆ ಅವರು ಯಾರನ್ನೂ ಉಪದೇಶಿಯಾಗಿ ನೇಮಿಸುವುದಿಲ್ಲ ಎಂಬುದನ್ನು ನೀವು ಬಲ್ಲಿರಿ. ಆದ್ದರಿಂದ ಶ್ರದ್ಧೆಯಿಂದ ಓದಿರಿ.

ನಮ್ಮ ಕ್ರಮ ಹೀಗಿದೆ. ಪ್ರತಿ ಪಾಠಕ್ಕೂ ಒಂದು ಉತ್ತರಪತ್ರಿಕೆಯನ್ನು ಕಳುಹಿಸುತ್ತೇನೆ. ಅದರಲ್ಲಿ ನಾಲ್ಕು ಮನೆಗಳಿರುತ್ತವೆ. ನಮ್ಮ ಧರ್ಮಸಭೆಯ ಪ್ರಾಚೀನ ಪಿತೃಗಳು ದೇವರ ವಾಕ್ಯಕ್ಕೆ ನಾಲ್ಕು ಅರ್ಥಗಳನ್ನು ಕಂಡಿದ್ದರು. ಜೆರುಸಲೇಮ್ ಎಂಬ ಒಂದು ಹೆಸರನ್ನೇ ತೆಗೆದುಕೊಳ್ಳಿ. ಅಕ್ಷರಾರ್ಥದಲ್ಲಿ ಅದು ಯೂದಾಯದ ಒಂದು ನಗರ; ಸಂಕೇತಾರ್ಥದಲ್ಲಿ ಧರ್ಮಸಭೆ; ನೀತ್ಯರ್ಥದಲ್ಲಿ ಮನುಷ್ಯನ ಆತ್ಮ; ಅಂತಿಮಾರ್ಥದಲ್ಲಿ ನಾವು ಸೇರಬೇಕಾದ ಸ್ವರ್ಗ. ಒಂದೊಂದು ಅರ್ಥವನ್ನು ಒಂದೊಂದು ಮನೆಯಲ್ಲಿ ಬರೆಯತಕ್ಕದ್ದು.

ನಡೆದದ್ದನ್ನು ನಡೆದಂತೆ ಹೇಳುವ ಅಕ್ಷರಾರ್ಥಕ್ಕೆ ಮೂರು ಸಾಲು ಸಾಕು. ಅದು ಹೊಸ್ತಿಲು ಮಾತ್ರ. ಹೊಸ್ತಿಲ ಮೇಲೆ ಕುಳಿತವರು ಮನೆಯೊಳಗೆ ಬಂದವರಲ್ಲ. ಉತ್ತರಪತ್ರಿಕೆಯಲ್ಲಿ ಸ್ವಂತ ವಿಷಯವನ್ನು ಬರೆಯಕೂಡದು. ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದುತ್ತೇನೆ, ಬೇಸರಪಡಬೇಡಿ.

ಕ್ರಿಸ್ತನಲ್ಲಿ ನಿಮ್ಮ,
ಸಿ. ಇನ್ನಾಸಪ್ಪ
ನಿವೃತ್ತ ಕನ್ನಡ ಪಂಡಿತ


ಬೋರನಕುಂಟೆ
2-7-2024

ಪೂಜ್ಯ ಮೇಷ್ಟ್ರಿಗೆ ಚೌರಪ್ಪ ಮಾಡುವ ನಮಸ್ಕಾರಗಳು.

ಮೊದಲನೆಯ ಪಾಠದ ಉತ್ತರ ಇದರ ಜೊತೆ ಇಟ್ಟಿದ್ದೇನೆ. ಸ್ವಂತ ವಿಷಯವನ್ನು ಉತ್ತರಪತ್ರಿಕೆಯಲ್ಲಿ ಬರೆಯಬಾರದು ಎಂದಿರಿ. ಅದಕ್ಕೆ ಇದೊಂದು ಸಲ ಬೇರೆ ಹಾಳೆಯಲ್ಲಿ ಬರೆಯುತ್ತಿದ್ದೇನೆ. ನಾನು ಗಾರೆ ಕೆಲಸದ ಮೇಸ್ತ್ರಿ. ಏಳನೆಯ ತರಗತಿಯವರೆಗೆ ಓದಿದ್ದೇನೆ. ವಯಸ್ಸು ಐವತ್ತಾರು. ನಮ್ಮೂರಿನಲ್ಲಿ ನಮ್ಮವರ ಮನೆ ಹದಿಮೂರು. ಇದ್ದ ಉಪದೇಶಿ ತೀರಿಕೊಂಡು ಆರು ವರ್ಷವಾಯಿತು. ಹೋದ ವರ್ಷ ನನ್ನ ಹೆಂಡತಿ ಲೂರ್ದಮ್ಮ ಸತ್ತಾಗ ಸ್ವಾಮಿಗಳು ಬೇರೆ ಊರಿನಲ್ಲಿದ್ದರು. ಮಣ್ಣು ಮಾಡುವಾಗ ಏನು ಓದಬೇಕು ಎಂದು ಯಾರಿಗೂ ತಿಳಿಯಲಿಲ್ಲ. ನಾನೇ ಪುಸ್ತಕ ತೆಗೆದು ಯಾವುದೋ ಪುಟ ಓದಿದೆ. ಅದು ಮದುವೆಗೆ ಓದುವ ಭಾಗ ಎಂದು ಮಗಳು ಪವಿತ್ರ ಆಮೇಲೆ ಹೇಳಿದಳು. ಇನ್ನು ಯಾರ ಮನೆಯಲ್ಲೂ ಹಾಗೆ ಆಗಬಾರದು. ಅಷ್ಟಕ್ಕೇ ಓದುತ್ತಿದ್ದೇನೆ.

ಈಗ ನಮ್ಮ ದೇವಾಲಯಕ್ಕೇ ಗಂಟೆಗೋಪುರ ಕಟ್ಟುವ ಕೆಲಸ ಸಿಕ್ಕಿದೆ. ಕಂಟ್ರಾಕ್ಟರ್ ಉಮಾಶಂಕರ್ ಅವರು ಹಿಡಿದಿರುವ ಕೆಲಸ. ನಾನೂ ಲಕ್ಷ್ಮಯ್ಯನೂ ಸೇರಿ ಮಾಡುತ್ತಿದ್ದೇವೆ. ಲಕ್ಷ್ಮಯ್ಯ ನಮ್ಮ ಧರ್ಮದವನಲ್ಲ, ಆದರೆ ಮೂವತ್ತು ವರ್ಷದಿಂದ ಒಂದೇ ಸಾರುವೆಯ ಮೇಲೆ ನಿಂತು ಕೆಲಸ ಮಾಡಿದವರು ನಾವು. ನಾನು ಊಟದ ಹೊತ್ತಿನಲ್ಲಿ ಪಾಠ ಓದುವುದನ್ನು ನೋಡಿ, “ಮೇಸ್ತ್ರಿ ಸ್ವಾಮೇರಾಗ್ಬುಟ್ರೆ ನಮ್ಗೆ ಕರಣೆ ಹಿಡಿಯೋರ್ಯಾರ್ಲಾ” ಎಂದು ಎಲ್ಲರನ್ನೂ ನಗಿಸುತ್ತಾನೆ.

ಇಂತಿ ನಿಮ್ಮ ವಿದ್ಯಾರ್ಥಿ,
ಚೌರಪ್ಪ


ದೊಡ್ಡಬಳ್ಳಾಪುರ
೨೦ ಜುಲೈ ೨೦೨೪

ಪ್ರಿಯ ಚೌರಪ್ಪನವರೇ,

ಮೊದಲ ಮೂರು ಪಾಠಗಳ ಉತ್ತರಗಳನ್ನು ತಿದ್ದಿ ಕಳುಹಿಸಿದ್ದೇನೆ. ನಿಮ್ಮ ಕೈಬರಹ ನೇರವಾಗಿದೆ. ಅದು ನಿಮ್ಮ ವೃತ್ತಿಯಿಂದ ಬಂದ ಗುಣವಿರಬೇಕು. ಆದರೆ ನಿಮಗೆ ಅಕ್ಷರಾರ್ಥದ ಮೇಲೆ ಮೋಹ ಹೆಚ್ಚು. ನೋವನ ನಾವೆಯನ್ನು ಕುರಿತು ಬರೆಯುವಾಗ, ಅಷ್ಟು ದೊಡ್ಡ ನಾವೆಗೆ ಎಷ್ಟು ಮರ ಬೇಕಾದೀತು ಎಂಬ ಲೆಕ್ಕ ಅನಾವಶ್ಯಕ. ನಾವೆಯೆಂದರೆ ಧರ್ಮಸಭೆ, ಜಲವೆಂದರೆ ಧರ್ಮಸಭೆಗೆ ನಮ್ಮನ್ನು ಸೇರಿಸುವ ಜ್ಞಾನಸ್ನಾನ. ಅಲ್ಲಿಗೆ ಹೋಗಿರಿ.

ನಾಲ್ಕನೆಯ ಪಾಠ ಲೂಕನ ಶುಭಸಂದೇಶದ ಹದಿಮೂರನೆಯ ಅಧ್ಯಾಯದಿಂದ. ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತ ಪ್ರಸಂಗ. ಇದರ ಆಳ ನಿಮಗೆ ತಿಳಿಯಲೆಂದು ಒಂದು ಸೂಕ್ಷ್ಮವನ್ನು ಹೇಳುತ್ತೇನೆ. ಗ್ರೀಕ್ ಭಾಷೆಯಲ್ಲಿ ಅಕ್ಷರಗಳೇ ಅಂಕಿಗಳಾಗಿಯೂ ಬಳಕೆಯಾಗುತ್ತಿದ್ದವು. ಹತ್ತನ್ನೂ ಎಂಟನ್ನೂ ಸೂಚಿಸುವ ಎರಡು ಅಕ್ಷರಗಳೇ ಯೇಸುವಿನ ನಾಮದ ಮೊದಲೆರಡು ಅಕ್ಷರಗಳು. ಆದುದರಿಂದ ಹದಿನೆಂಟು ಎಂಬುದು ಬರಿಯ ಸಂಖ್ಯೆಯಲ್ಲ. ಆ ಅವಶೇಷಗಳ ಅಡಿಯಲ್ಲಿ ಅಡಗಿರುವುದು ಉದ್ಧಾರಕನ ಹೆಸರು. ಮೊದಲು ಭಾನುವಾರದ ತರಗತಿಗಳಲ್ಲಿ, ಆಮೇಲೆ ಅಂಚೆಯಲ್ಲಿ, ಐವತ್ತು ವರ್ಷಗಳಿಂದ ಇದನ್ನು ಬೋಧಿಸುತ್ತ ಬಂದಿದ್ದೇನೆ. ಇಂದಿಗೂ ಈ ಭಾಗಕ್ಕೆ ಬಂದಾಗ ನನ್ನ ಮೈ ಪುಳಕಗೊಳ್ಳುತ್ತದೆ.

ನಿಮ್ಮ,
ಸಿ. ಇನ್ನಾಸಪ್ಪ


ಬೋರನಕುಂಟೆ
11-8-2024

ಪಾಠ 4ರ ಉತ್ತರಪತ್ರಿಕೆ
ವಿದ್ಯಾರ್ಥಿ: ಚೌರಪ್ಪ

ಅಕ್ಷರಾರ್ಥ:
ಸಿಲೋವಾಮಿನಲ್ಲಿ ಒಂದು ಗೋಪುರ ಬಿತ್ತು. ಅದರ ಕೆಳಗೆ ಹದಿನೆಂಟು ಜನ ಸತ್ತರು. ಸತ್ತವರು ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದು ಯೇಸುಸ್ವಾಮಿ ಹೇಳಿದರು.

ಮೂರು ಸಾಲು ಮುಗಿಯಿತು ಮೇಷ್ಟ್ರೇ. ಆದರೆ ಗೋಪುರ ಸುಮ್ಮನೆ ಬೀಳುವುದಿಲ್ಲ. ಬೀಳುವ ಮೊದಲು ಹೇಳುತ್ತದೆ. ಸಿಲೋವಾಮಿನಲ್ಲೂ ಯಾರಿಗಾದರೂ ಹೇಳಿರಬೇಕು. ಅವನ ಮಾತನ್ನು ಯಾರೂ ಕೇಳಿರಲಿಕ್ಕಿಲ್ಲ.

ನಮ್ಮ ದೇವಾಲಯದ ಮುಂದಿನ ಗೋಡೆ ಎಂಬತ್ತು ವರ್ಷದ ಹಿಂದೆ ಕಲ್ಲು ಮಣ್ಣಿನಲ್ಲಿ ಕಟ್ಟಿದ್ದು. ಅದರ ಮೇಲೆಯೇ ಗೋಪುರ ಏರುತ್ತಿದೆ. ಗೋಪುರಕ್ಕೆ ಬೇರೆ ಪಾಯ ತೆಗೆದಿಲ್ಲ. ಹೋದ ತಿಂಗಳು ಒಳಗೆ, ಪೂಜಾವಸ್ತ್ರ ಇಡುವ ಬೀರುವಿನ ಹಿಂದೆ ಒಂದು ಬಿರುಕು ಕಂಡೆ. ನನ್ನ ಕಿರುಬೆರಳು ಅರ್ಧ ಹೋಗುತ್ತದೆ. ಹೊರಗಡೆ ಹೊಸ ಗಾರೆ ಇರುವುದರಿಂದ ಏನೂ ಕಾಣುವುದಿಲ್ಲ. ಬಿರುಕು ಹಳೆಯದೋ, ಈಗ ಬೆಳೆಯುತ್ತಿದೆಯೋ ಎಂದು ತಿಳಿಯಲು ನಾವು ಒಂದು ಕೆಲಸ ಮಾಡುತ್ತೇವೆ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಸಿಮೆಂಟು ಹಾಕಿ, ಪಕ್ಕದಲ್ಲಿ ತಾರೀಖು ಬರೆಯುತ್ತೇವೆ. ಗೋಡೆ ನಿಂತಿದ್ದರೆ ಗಾಜು ಹಾಗೇ ಇರುತ್ತದೆ. ಗೋಡೆ ನಡೆಯುತ್ತಿದ್ದರೆ ಗಾಜು ಒಡೆಯುತ್ತದೆ. ಭಾನುವಾರ ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ನಾನೊಬ್ಬನೇ ಅಂಟಿಸಿದೆ. ಎಂಟನೆಯ ದಿನಕ್ಕೆ ಒಡೆದಿತ್ತು.

ಉಮಾಶಂಕರ್ ಅವರಿಗೆ ಹೇಳಿದೆ. “ಇಂಜಿನಿಯರ್ ಸೈನ್ ಮಾಡವ್ರೆ ಮೇಸ್ತ್ರಿ, ನೀನೇನು ಅವ್ರಿಗಿಂತ ಓದಿದ್ದೀಯಾ? ಕೆಲ್ಸ ಆಗಲ್ಲ ಅಂದ್ರೆ ಹೇಳು, ನಾಳೆ ಬೇರೆಯೋರು ಬರ್ತಾರೆ” ಎಂದರು. ಸ್ವಾಮಿಗಳಿಗೆ ಹೇಳಿದೆ. ಡಿಸೆಂಬರಿನಲ್ಲಿ ಧರ್ಮಾಧ್ಯಕ್ಷರು ಗೋಪುರವನ್ನು ಆಶೀರ್ವದಿಸಲು ಬರುತ್ತಾರೆ, ದೇವರು ಕಾಪಾಡುತ್ತಾನೆ, ನಡೆ ಎಂದರು. ಇನ್ನು ಯಾರಿಗೆ ಹೇಳುವುದೋ ಗೊತ್ತಾಗಲಿಲ್ಲ. ಈ ಮನೆಯಲ್ಲಿ ನಡೆದದ್ದನ್ನು ಬರೆಯಬೇಕು ಎಂದು ನೀವು ಹೇಳಿದ್ದೀರಿ. ಅದಕ್ಕೆ ಬರೆದೆ.

ಸಂಕೇತಾರ್ಥ: ಗೋಪುರ ಎಂದರೆ ಧರ್ಮಸಭೆ.

ನೀತ್ಯರ್ಥ: ಪಶ್ಚಾತ್ತಾಪ ಪಡಬೇಕು.

ಅಂತಿಮಾರ್ಥ: ತಿಳಿಯಲಿಲ್ಲ. ಕ್ಷಮಿಸಿ.


ದೊಡ್ಡಬಳ್ಳಾಪುರ
೨೮ ಆಗಸ್ಟ್ ೨೦೨೪

ಪ್ರಿಯ ಚೌರಪ್ಪನವರೇ,

ನಾಲ್ಕನೆಯ ಪಾಠದಲ್ಲಿ ನಿಮ್ಮನ್ನು ಉತ್ತೀರ್ಣಗೊಳಿಸಲು ನನಗೆ ಸಾಧ್ಯವಾಗಲಿಲ್ಲ. ಅನುತ್ತೀರ್ಣವಾದ ಪತ್ರಿಕೆಯನ್ನು ಹಿಂದಿರುಗಿಸಬಾರದೆಂಬ ನಿಯಮದಂತೆ ಅದನ್ನು ನನ್ನಲ್ಲಿಯೇ ಇರಿಸಿಕೊಂಡು, ಅದರ ಮೇಲೆ ಬರೆದ ಷರಾವನ್ನು ಇಲ್ಲಿ ನಕಲು ಮಾಡಿದ್ದೇನೆ:

“ಅಕ್ಷರಾರ್ಥವು ಎರಡು ಪುಟಗಳಿಗೆ ಹರಿದಿದೆ, ಉಳಿದ ಮೂರು ಅರ್ಥಗಳು ಒಟ್ಟಿಗೆ ಮೂರು ಸಾಲನ್ನೂ ತುಂಬಿಲ್ಲ. ಬಿರುಕಿಗೆ ಅಡ್ಡಲಾಗಿ ಅಂಟಿಸಿದ ಗಾಜು ಬಹು ಸೊಗಸಾದ ಚಿತ್ರ. ಆದರೆ ತಪ್ಪು ಮನೆಯಲ್ಲಿದೆ. ಗೋಡೆಯನ್ನು ಬಿಟ್ಟು ಮೇಲೇರಿರಿ.”

ಈ ಮಾತನ್ನು ಸ್ವಲ್ಪ ವಿವರಿಸುತ್ತೇನೆ. ಮನುಷ್ಯನ ಆತ್ಮದಲ್ಲಿ ಪಾಪದ ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಸುವ ಗಾಜು ಯಾವುದು? ಮನಸ್ಸಾಕ್ಷಿ. ಇದನ್ನು ನೀತ್ಯರ್ಥದ ಮನೆಗೆ ತಂದು ನಾಲ್ಕು ವಾಕ್ಯಗಳಲ್ಲಿ ಬೆಳೆಸಿದರೆ ನಿಮಗೆ ಪೂರ್ಣ ಅಂಕಗಳನ್ನು ಕೊಡುತ್ತೇನೆ. ಇಷ್ಟು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯಿಂದಲೂ ಇಂಥ ಚಿತ್ರ ಬಂದಿರಲಿಲ್ಲ. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಪ್ರಬೋಧನೆಗೆ ಇದನ್ನು ಬಳಸಿಕೊಳ್ಳಬೇಕೆಂದಿದ್ದೇನೆ.

ಕಂಟ್ರಾಕ್ಟರರೊಂದಿಗೆ ನಡೆದ ಸಂಭಾಷಣೆ ಸ್ವಂತ ವಿಷಯದ ಗುಂಪಿಗೆ ಸೇರುತ್ತದೆ. ಕಟ್ಟಡದ ಚಿಂತೆಯನ್ನು ಅದಕ್ಕೆಂದೇ ಇರುವವರಿಗೆ ಬಿಡಿ. ಉಪದೇಶಿಯಾಗುವವನಿಗೆ ವಿಧೇಯತೆ ಮುಖ್ಯ. ಹೊಸ ಉತ್ತರಪತ್ರಿಕೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ನಿಮ್ಮ,
ಸಿ. ಇನ್ನಾಸಪ್ಪ


ಬೋರನಕುಂಟೆ
15-9-2024

ಪೂಜ್ಯ ಮೇಷ್ಟ್ರಿಗೆ,

ನಾಲ್ಕನೆಯ ಪಾಠವನ್ನು ಮತ್ತೆ ಬರೆದಿದ್ದೇನೆ. ನೀವು ಹೇಳಿದಂತೆ ಗೋಡೆಯನ್ನು ಬಿಟ್ಟಿದ್ದೇನೆ. ಅಕ್ಷರಾರ್ಥ ಮೂರೇ ಸಾಲು. ಮನಸ್ಸಾಕ್ಷಿಯ ವಿಷಯ ಮೂರನೆಯ ಮನೆಯಲ್ಲಿದೆ. ಉಳಿದ ಪಾಠಗಳನ್ನೂ ಒಟ್ಟಿಗೆ ಕಳುಹಿಸಿದ್ದೇನೆ. ಹಿಂಗಾರು ಮಳೆ ಹಿಡಿಯುವ ಮೊದಲು ಕೆಲಸ ಮುಗಿಸಬೇಕೆಂದು ಉಮಾಶಂಕರ್ ಅವಸರ ಮಾಡುತ್ತಿದ್ದಾರೆ. ಬಿಡುವಿಲ್ಲದ ಕಾರಣ ಹೆಚ್ಚಿಗೆ ಬರೆಯಲಾಗಲಿಲ್ಲ.

ಚೌರಪ್ಪ


ದೊಡ್ಡಬಳ್ಳಾಪುರ
೫ ಅಕ್ಟೋಬರ್ ೨೦೨೪

ಪ್ರಿಯ ಚೌರಪ್ಪನವರೇ,

ಅಭಿನಂದನೆಗಳು. ನೀವು ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾಗಿದ್ದೀರಿ. ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ, ಸ್ವಾಮಿಗಳಿಗೂ ಪ್ರತ್ಯೇಕವಾಗಿ ಬರೆದಿದ್ದೇನೆ. ನಾಲ್ಕನೆಯ ಪಾಠದ ಹೊಸ ಉತ್ತರವನ್ನು ಎರಡು ಬಾರಿ ಓದಿದೆ. ನೀವು ಹೊಸ್ತಿಲು ದಾಟಿದ್ದೀರಿ.

ನಿಮ್ಮ,
ಸಿ. ಇನ್ನಾಸಪ್ಪ


ಬೋರನಕುಂಟೆ
2-11-2024

ಮಾನ್ಯರೇ,

ನಾನು ಚೌರಪ್ಪನವರ ಮಗಳು ಪವಿತ್ರ. ಬಾಶೆಟ್ಟಿಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ವಿಳಾಸ ಅಪ್ಪನ ಪ್ರಮಾಣಪತ್ರದ ಮೇಲಿತ್ತು.

ಅಕ್ಟೋಬರ್ ಹದಿನಾರನೆಯ ತಾರೀಖು, ಬುಧವಾರ, ನಮ್ಮ ದೇವಾಲಯದ ಗೋಪುರ ಬಿತ್ತು. ಮೂರು ದಿನ ಮಳೆ ಹಿಡಿದು ಆ ದಿನ ಬೆಳಿಗ್ಗೆ ಬಿಟ್ಟಿತ್ತು. ಅಪ್ಪ ಮರಳು ಜರಡಿ ಹಿಡಿಯಲು ಕೆಳಗೆ ಇಳಿದಿದ್ದರು. ಲಕ್ಷ್ಮಯ್ಯ ಮಾವ ಸಾರುವೆಯ ಮೇಲಿದ್ದರು. ದೇವಾಲಯದ ಅಂಗಳ ಗುಡಿಸುವ ಮುನಿವೆಂಕಟಮ್ಮ ಗೋಡೆಯ ಬುಡದಲ್ಲಿ ಕುಳಿತು ಮುದ್ದೆ ತಿನ್ನುತ್ತಿದ್ದರು. ಇಬ್ಬರೂ ಉಳಿಯಲಿಲ್ಲ. ಮುನಿವೆಂಕಟಮ್ಮನನ್ನು ಹೊರಗೆ ತೆಗೆಯುವಷ್ಟರಲ್ಲಿ ಸಂಜೆಯಾಗಿತ್ತು. ನಮ್ಮ ಧರ್ಮದವರಲ್ಲದ ಆಕೆಯನ್ನು ಕುರಿತು, “ಬ್ಯಾರೆ ದೇವ್ರ ಗುಡಿ ನೆಳ್ಳಿಗೆ ಹೋಗಿ ಯಾಕ್ ಕೂತ್ಕಬೇಕಿತ್ತು” ಎಂದು ಆಕೆಯ ಬೀದಿಯವರೇ ಆಡಿಕೊಳ್ಳುತ್ತಿದ್ದಾರೆ.

ಉಮಾಶಂಕರ್ ಪೊಲೀಸರ ಮುಂದೆ, “ಬಿರುಕು ಅಂತ ಮೇಸ್ತ್ರಿ ಒಂದಿನಾನೂ ಬಾಯ್ಬಿಟ್ಟಿಲ್ಲ ಸಾರ್, ಗಾರೆಗೆ ಮಣ್ಣು ಬೆರೆಸ್ಬಿಟ್ಟವ್ನೆ” ಎಂದು ಹೇಳಿಕೆ ಕೊಟ್ಟಿದ್ದಾರೆ. ಸ್ವಾಮಿಗಳನ್ನು ಕೇಳಿದರೆ ಜ್ಞಾಪಕವಿಲ್ಲ ಎನ್ನುತ್ತಾರೆ. ಅಪ್ಪನನ್ನು ಬೆಂಗಳೂರಿನ ಜೈಲಿಗೆ ಕಳುಹಿಸಿದ್ದಾರೆ. ಉಮಾಶಂಕರ್ ಹೊರಗಿದ್ದಾರೆ.

ಮೊನ್ನೆ ಅಪ್ಪನನ್ನು ನೋಡಲು ಹೋಗಿದ್ದೆ. ಬಿರುಕಿನ ವಿಷಯ, ಉಮಾಶಂಕರ್ ಆಡಿದ ಮಾತು, ಎಲ್ಲವನ್ನೂ ಆಗಸ್ಟ್ ತಿಂಗಳಿನಲ್ಲೇ ನಿಮಗೆ ಬರೆದಿದ್ದೇನೆ ಎಂದರು. ಅದು ಅಂಚೆಯಲ್ಲಿ ಬಂದ ಕಾಗದ, ತಾರೀಖು ಇರುತ್ತದೆ. ಅಪ್ಪ ಬಾಯಿ ಬಿಟ್ಟಿದ್ದರು ಎನ್ನುವುದಕ್ಕೆ ಅದೊಂದೇ ಸಾಕ್ಷಿ. ದಯವಿಟ್ಟು ಆ ಉತ್ತರಪತ್ರಿಕೆಯನ್ನು ಕೊಡಿ. ಯಾವ ದಿನ ಬರಲಿ ಎಂದು ತಿಳಿಸಿದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.

ಇಂತಿ,
ಪವಿತ್ರ


ದೊಡ್ಡಬಳ್ಳಾಪುರ
೧೧ ನವೆಂಬರ್ ೨೦೨೪

ಚಿರಂಜೀವಿ ಪವಿತ್ರಳಿಗೆ ಆಶೀರ್ವಾದಗಳು.

ನಿನ್ನ ಪತ್ರವನ್ನು ಓದಿ ಅತೀವ ದುಃಖವಾಯಿತು. ಮೃತರ ಆತ್ಮಗಳಿಗಾಗಿ ಪ್ರಾರ್ಥಿಸುತ್ತಿದ್ದೇನೆ.

ಉತ್ತರಪತ್ರಿಕೆಯ ವಿಷಯದಲ್ಲಿ ಎರಡು ಮಾತು. ವಿದ್ಯಾರ್ಥಿಗಳ ಉತ್ತರಗಳನ್ನು ಅನ್ಯರಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಅದಕ್ಕಿಂತ ಮುಖ್ಯವಾದುದು ಇನ್ನೊಂದು. ಕಾನೂನು ಬಲ್ಲ ನನ್ನ ಮಿತ್ರರೊಬ್ಬರನ್ನು ಹೆಸರುಗಳನ್ನು ಹೇಳದೆ ವಿಚಾರಿಸಿದೆ. ಗೋಡೆ ಅಪಾಯದಲ್ಲಿದೆ ಎಂದು ತಿಳಿದೂ ಕೆಲಸ ಮುಂದುವರಿಸಿದವನ ಅಪರಾಧ, ತಿಳಿಯದೆ ಮಾಡಿದವನ ಅಪರಾಧಕ್ಕಿಂತ ದೊಡ್ಡದಂತೆ. ಆ ಪತ್ರಿಕೆ ನಿನ್ನ ತಂದೆಗೆ ತಿಳಿದಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಅವರ ಹಿತಕ್ಕಾಗಿಯೇ ಅದು ಹೊರಗೆ ಬಾರದಿರುವುದು ಲೇಸು ಎಂದು ನನಗೆ ತೋರುತ್ತದೆ. ದುಡುಕಬೇಡ.

ಹಿತೈಷಿ,
ಸಿ. ಇನ್ನಾಸಪ್ಪ


ಕೇಂದ್ರ ಕಾರಾಗೃಹ, ಬೆಂಗಳೂರು
9-12-2024

ಪೂಜ್ಯ ಮೇಷ್ಟ್ರಿಗೆ,

ಪವಿತ್ರ ನಿಮ್ಮ ಪತ್ರವನ್ನು ತಂದು ಓದಿದಳು. ಇಲ್ಲಿ ಬರೆಯುವ ಕಾಗದವನ್ನು ಮೊದಲು ಅಧಿಕಾರಿಗಳು ಓದುತ್ತಾರೆ. ಓದಲಿ.

ನೀವು ಹೇಳಿದ್ದನ್ನೇ ನಮ್ಮ ವಕೀಲರೂ ಹೇಳಿದರು. ಆ ಕಾಗದ ಬಂದರೆ ಉಮಾಶಂಕರ್ ಸಿಕ್ಕಿಬೀಳಬಹುದು, ಆದರೆ ನಾನು ಹೊರಗೆ ಬರುವುದು ಕಷ್ಟವಾಗಬಹುದು ಎಂದರು. ಒಂದು ತಿಂಗಳು ಯೋಚನೆ ಮಾಡಿದೆ. ಇಲ್ಲಿ ಯೋಚನೆಗೆ ಬೇಕಾದಷ್ಟು ಹೊತ್ತಿದೆ.

ನನಗೆ ಗೊತ್ತಿತ್ತು ಮೇಷ್ಟ್ರೇ. ಗೊತ್ತಿರಲಿಲ್ಲ ಎಂದು ಹೇಳಿಕೊಂಡು ಹೊರಗೆ ಬಂದು ಯಾವ ಸತ್ತವರ ಮುಂದೆ ನಿಂತು ಪ್ರಾರ್ಥನೆ ಹೇಳಲಿ? ಕಾಗದವನ್ನು ಪೊಲೀಸರಿಗೆ ಕೊಡಿ. ನಕಲು ಮಾಡಬೇಡಿ, ನನ್ನ ತಪ್ಪುಗಳನ್ನು ತಿದ್ದಿ ಬರೆಯಬೇಡಿ. ನಿಮ್ಮ ಕೆಂಪು ಶಾಯಿಯೂ ಇರಲಿ.

ಇನ್ನೊಂದು ಕೆಲಸವಿದೆ. ಲಕ್ಷ್ಮಯ್ಯನ ಹೆಂಡತಿ ಅಕ್ಕಯ್ಯಮ್ಮನಿಗೆ ಓದು ಬರುವುದಿಲ್ಲ. ಮೊದಲನೆಯ ಮನೆಯಲ್ಲಿ ಬರೆದಿರುವುದನ್ನು ಆಕೆಯ ಮುಂದೆ ಓದಿ. ಪವಿತ್ರ ಹೋದರೆ ಆಕೆ ಬಾಗಿಲು ತೆಗೆಯುವುದಿಲ್ಲ. ನೀವು ದೊಡ್ಡವರು, ಹೊರಗಿನವರು. ನೀವು ಹೋದರೆ ಕೇಳಿಸಿಕೊಳ್ಳುತ್ತಾಳೆ.

ಚೌರಪ್ಪ


ದೊಡ್ಡಬಳ್ಳಾಪುರ
೬ ಜನವರಿ ೨೦೨೫

ಚೌರಪ್ಪನವರೇ,

ನೀವು ಹೇಳಿದ ಎರಡು ಕೆಲಸಗಳನ್ನೂ ಮಾಡಿದ್ದೇನೆ. ನಡೆದುದನ್ನು ನಡೆದ ಹಾಗೆ ಬರೆಯುತ್ತೇನೆ.

ಮೊದಲು ನನ್ನ ಅಪರಾಧ. ಪವಿತ್ರಳಿಗೆ ನಾನು ಬರೆದ ಪತ್ರದಲ್ಲಿ ಸುಳ್ಳು ಒಂದೂ ಇರಲಿಲ್ಲ, ನಿಜವೂ ಇರಲಿಲ್ಲ. ನಿಮ್ಮ ಹಿತವನ್ನು ಯೋಚಿಸಿ ನಾನು ಆ ಪತ್ರಿಕೆಯನ್ನು ತಡೆಹಿಡಿಯಲಿಲ್ಲ. ನನ್ನ ಷರಾ ಯಾರ ಕಣ್ಣಿಗೂ ಬೀಳಬಾರದೆಂದು ತಡೆಹಿಡಿದೆ. ಆಕೆಯ ಪತ್ರ ಬಂದ ದಿನ ಅದನ್ನು ಕಡತದಿಂದ ತೆಗೆದು ಒಲೆಯವರೆಗೆ ಒಯ್ದಿದ್ದೆ. ಅಲ್ಲಿ ನಿಂತು ಮತ್ತೊಮ್ಮೆ ಓದಿದೆ. ಆಗಸ್ಟಿನಲ್ಲಿ ಓದಿದಾಗ ಅದರಲ್ಲಿ ಹನ್ನೆರಡು ಕಾಗುಣಿತದ ತಪ್ಪುಗಳನ್ನು ಕಂಡಿದ್ದೆ. ಆ ದಿನ ಅದರಲ್ಲಿ ಒಂದು ಗೋಡೆ ಕಂಡಿತು. ನಿಮ್ಮ ಸ್ವಾಮಿಗಳು ನನ್ನ ಶಿಷ್ಯರು. ನಾನು ಅವರಿಗೆ ಒಂದು ಕಾರ್ಡು ಬರೆದಿದ್ದರೆ ಕೆಲಸ ನಿಲ್ಲುತ್ತಿತ್ತು. ಅದು ನಿಮಗೆ ಗೊತ್ತಿತ್ತು. ಅದಕ್ಕಾಗಿಯೇ ನನಗೆ ಬರೆದಿರಿ. ನನಗೂ ಗೊತ್ತಿತ್ತು. ಆದರೂ ನನಗೆ ಆ ಯೋಚನೆಯೇ ಬರಲಿಲ್ಲ. ಗಾಜಿನ ಚಿತ್ರವನ್ನು ಯಾವ ಭಾನುವಾರದ ಪ್ರಬೋಧನೆಗೆ ಬಳಸಿಕೊಳ್ಳಲಿ ಎಂದು ಯೋಚಿಸುತ್ತಿದ್ದೆ.

ಡಿಸೆಂಬರ್ ಹದಿನೆಂಟರಂದು ಠಾಣೆಗೆ ಹೋದೆ. ಇನ್ಸ್‌ಪೆಕ್ಟರ್ ಪತ್ರಿಕೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನಾಲ್ಕು ತಲೆಬರಹಗಳನ್ನೂ ಗಟ್ಟಿಯಾಗಿ ಓದಿ, “ಇದ್ರಲ್ಲಿ ನಿಜ ಯಾವ್ದು ಮೇಷ್ಟ್ರೇ?” ಎಂದು ಕೇಳಿದರು. ನಾನು ಮೊದಲನೆಯದರ ಮೇಲೆ ಬೆರಳಿಟ್ಟೆ. ಐವತ್ತು ವರ್ಷಗಳಲ್ಲಿ ಯಾವ ವಿದ್ಯಾರ್ಥಿಯೂ ಆ ಪ್ರಶ್ನೆಯನ್ನು ಕೇಳಿರಲಿಲ್ಲ. ಕೇಳಿದ್ದರೆ ನಾಲ್ಕೂ ನಿಜವೆಂದು ಉತ್ತರಿಸಿ ಒಂದು ಗಂಟೆ ವಿವರಿಸುತ್ತಿದ್ದೆ. ಈಗಲೂ ನಾಲ್ಕೂ ನಿಜವೆಂದೇ ನಂಬಿದ್ದೇನೆ. ಆದರೆ ಮೊದಲನೆಯದರಲ್ಲಿ ಮನುಷ್ಯರಿರುತ್ತಾರೆ. ಅವರನ್ನು ದಾಟಿ ಹೋದವನು ಎಲ್ಲಿಗೂ ಏರಿರುವುದಿಲ್ಲ.

ನನ್ನ ಷರಾವನ್ನು ತೋರಿಸಿ, ಎಚ್ಚರಿಕೆ ನನಗೆ ತಲುಪಿತ್ತು, ಸುಮ್ಮನಿದ್ದವರ ಪೈಕಿ ನಾನೂ ಒಬ್ಬ, ನನ್ನ ಹೆಸರನ್ನೂ ಸೇರಿಸಿಕೊಳ್ಳಿ ಎಂದೆ. ಅವರು ನಕ್ಕರು. ಕುಹಕದ ನಗುವಲ್ಲ, ಮುದುಕನ ಮೇಲಿನ ಕನಿಕರ. “ಪಾಠ ಹೇಳಿದ್ದಕ್ಕೆ ಕೇಸ್ ಹಾಕಕ್ಕಾಗಲ್ಲ ಮೇಷ್ಟ್ರೇ. ಸಾಕ್ಷಿ ಅಂತ ಹಾಕ್ಕೋತೀನಿ, ಕರೆದಾಗ ಬನ್ನಿ” ಎಂದರು. ಉಮಾಶಂಕರರನ್ನು ಆ ವಾರವೇ ಬಂಧಿಸಿದರು. ನಿಮ್ಮ ಜಾಮೀನಿನ ಅರ್ಜಿ ತಿರಸ್ಕೃತವಾದುದಕ್ಕೆ ಆ ಪತ್ರಿಕೆಯೇ ಕಾರಣವೆಂದು ನಿಮ್ಮ ವಕೀಲರು ನನ್ನ ಮೇಲೆ ಸಿಟ್ಟಾಗಿದ್ದಾರೆ. ಪವಿತ್ರ ಮಾತ್ರ ಅವರ ಕಚೇರಿಯಿಂದ ಬಸ್ಸಿನವರೆಗೆ ನನ್ನ ಕೈಹಿಡಿದು ನಡೆಸಿಕೊಂಡು ಬಂದಳು.

ಅಕ್ಕಯ್ಯಮ್ಮನವರ ಮನೆಗೆ ನಿನ್ನೆ ಹೋಗಿದ್ದೆ. ಪತ್ರಿಕೆಯ ನಕಲನ್ನು ಠಾಣೆಯವರೇ ಕೊಟ್ಟಿದ್ದರು. ದಾರಿಯಲ್ಲಿ ದೇವಾಲಯದ ಮುಂದೆ ನಿಂತೆ. ಕಲ್ಲುಗಳನ್ನು ಒಂದು ಪಕ್ಕಕ್ಕೆ ರಾಶಿ ಮಾಡಿದ್ದಾರೆ. ಮುನಿವೆಂಕಟಮ್ಮನವರು ಕುಳಿತಿದ್ದ ಜಾಗವನ್ನು ಯಾರೋ ತೋರಿಸಿದರು. ಅಲ್ಲಿಂದ ಆಕೆಯ ಮನೆಯ ಬಾಗಿಲು ಕಾಣುತ್ತದೆ. ಸಿಲೋವಾಮಿನ ಹದಿನೆಂಟು ಮಂದಿಯಲ್ಲಿ ಒಬ್ಬರ ಹೆಸರನ್ನೂ ನಾನು ಎಂದೂ ಊಹಿಸಿಕೊಂಡಿರಲಿಲ್ಲ.

ಅಕ್ಕಯ್ಯಮ್ಮನವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಯಾರ ಕಡೆಯಿಂದ ಬಂದಿದ್ದೇನೆಂದು ಹೇಳಿದೆ. ಎದ್ದು ಒಳಗೆ ಹೋಗಬಹುದೆಂದುಕೊಂಡೆ, ಹೋಗಲಿಲ್ಲ. ನೀವು ಬರೆದುದನ್ನು ಮೊದಲಿನಿಂದ ಕೊನೆಯವರೆಗೆ, ತಪ್ಪುಗಳನ್ನು ತಿದ್ದದೆ ಓದಿದೆ. ನನ್ನ ಷರಾವನ್ನೂ ಓದಿದೆ. ಆಕೆ ಸುಲಿಯುವುದನ್ನು ನಿಲ್ಲಿಸಲಿಲ್ಲ. ಓದು ಮುಗಿದ ಮೇಲೆ ತಲೆಯೆತ್ತದೆ ಒಂದೇ ಮಾತು ಕೇಳಿದರು: “ಆ ಗಾಜು ಒಡ್ದಿದ್ದು ನಮ್ಮೋರ್ಗೆ ಗೊತ್ತಿತ್ತಾ ಸ್ವಾಮಿ?”

ನನಗೆ ಗೊತ್ತಿಲ್ಲವೆಂದೆ. ಕೇಳಿ ತಿಳಿಸುತ್ತೇನೆಂದೆ. “ಕೇಳ್ಕಂಡ್ ಬನ್ನಿ, ಇಲ್ಲೇ ಇರ್ತೀನಿ” ಎಂದರು.

ಚೌರಪ್ಪನವರೇ, ಉಮಾಶಂಕರರಿಗೆ ಹೇಳಿದಿರಿ, ಸ್ವಾಮಿಗಳಿಗೆ ಹೇಳಿದಿರಿ, ನನಗೆ ಬರೆದಿರಿ. ಲಕ್ಷ್ಮಯ್ಯನವರಿಗೆ ಹೇಳಿದ್ದಿರಾ? ಉತ್ತರಪತ್ರಿಕೆಯಲ್ಲಿ ಆ ವಿಷಯವಿಲ್ಲ. ಉತ್ತರ ಯಾವುದೇ ಆಗಿರಲಿ, ಅದನ್ನು ಒಂದಕ್ಷರವನ್ನೂ ಬದಲಿಸದೆ ಆಕೆಗೆ ತಲುಪಿಸುತ್ತೇನೆ.

ಇನ್ನಾಸಪ್ಪ


ಕೇಂದ್ರ ಕಾರಾಗೃಹ, ಬೆಂಗಳೂರು
27-1-2025

ಮೇಷ್ಟ್ರೇ,

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ನಾಲ್ಕು ಸಲ ಬರೆದು ಹರಿದು ಹಾಕಿದೆ.

ನಾನು ಲಕ್ಷ್ಮಯ್ಯನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಸಾರುವೆ ಹತ್ತುತ್ತಿರಲಿಲ್ಲ. ಅವನು ಹತ್ತದಿದ್ದರೆ ನಾನೊಬ್ಬನೇ ಹತ್ತಲು ಆಗುತ್ತಿರಲಿಲ್ಲ. ಕೆಲಸ ಬೇರೆಯವರ ಪಾಲಾಗುತ್ತಿತ್ತು, ಸ್ವಾಮಿಗಳಿಗೆ ನನ್ನ ಮೇಲೆ ಬೇಸರವಾಗುತ್ತಿತ್ತು, ಉಪದೇಶಿಯಾಗುವುದು ತಪ್ಪುತ್ತಿತ್ತು. ಆಗ ಇಷ್ಟೆಲ್ಲ ಬಿಡಿಸಿ ಯೋಚಿಸಿರಲಿಲ್ಲ. ಈಗ ಬಿಡಿಸಿ ನೋಡಿದರೆ ಇಷ್ಟೇ ಇದೆ.

ನಿಮ್ಮ ಆಗಸ್ಟ್ ತಿಂಗಳ ಪತ್ರ ಬಂದ ಮಾರನೆಯ ದಿನ ಬೀರು ಸರಿಸಿ, ಒಡೆದ ಗಾಜನ್ನು ಕಿತ್ತು, ಬಿರುಕಿಗೆ ಗಾರೆ ತುಂಬಿದೆ. ನೀವು ಹಾಗೆ ಮಾಡು ಎಂದು ಬರೆದಿರಲಿಲ್ಲ. ನಾನೇ ಮಾಡಿದೆ. ನೀರು ಕುಡಿಯಲು ಒಳಗೆ ಬಂದ ಲಕ್ಷ್ಮಯ್ಯ ನೋಡಿದ. “ಇಲ್ಲೇನ್ ಮಾಡ್ತಿದ್ದೀಯಾ ಮೇಸ್ತ್ರಿ?” ಎಂದು ಕೇಳಿದ. “ಇಲಿ ತೂತು ಕಣ್ಲಾ, ಮುಚ್ತಿದ್ದೀನಿ” ಎಂದೆ. ಅವನೇ ಬಂದು ಬೀರುವಿಗೆ ಹೆಗಲು ಕೊಟ್ಟು ಮೊದಲಿದ್ದ ಜಾಗಕ್ಕೆ ತಳ್ಳಿದ.

ಅಕ್ಕಯ್ಯಮ್ಮನಿಗೆ ಹೀಗೇ ಹೇಳಿ. ಅವನಿಗೆ ಗೊತ್ತಿರಲಿಲ್ಲ. ಅವನು ಕೇಳಿದ್ದ.

ಚೌರಪ್ಪ